ಕೊರಿಯಾ ಪಕ್ಷದ ಮಾವಳ್ಳಿ ಶಾಖೆ

ಕೊರಿಯಾ ದೇಶದ ವಿರೋಧ ಪಕ್ಷಕ್ಕೆ ನಮ್ಮ ಮಾವಳ್ಳಿಯಲ್ಲಿ ಒಂದು ಶಾಖೆ ಇತ್ತು ಎಂದರೆ ನೀವು ನಂಬುತ್ತೀರಾ? ಅಧ್ಯಕ್ಷರು ನನ್ನ ಸೋದರಮಾವ. ಕಾರ್ಯಕರ್ತರೂ ಅವರೇ. ಈ ವಿಷಯ ಕೊರಿಯಾದವರಿಗೆ ಮಾತ್ರ ಗೊತ್ತಿರಲಿಲ್ಲ!

ಇದಕ್ಕೆಲ್ಲ ಮೂಲ ಒಂದು ಮೋರಿ. ಮಾವನ ಮನೆಯ ಗೇಟಿನ ಮುಂದೆ ಮೋರಿಯ ಮೇಲೆ ಎರಡು ಕಲ್ಲು ಚಪ್ಪಡಿ ಹಾಸಿದ್ದರು. ಅದರಲ್ಲೊಂದು ಒಡೆದಿತ್ತು. ಹೋದ ಮಳೆಗಾಲದಲ್ಲಿ ಅತ್ತೆ ಸೊಪ್ಪು ಕೊಳ್ಳಲು ಹೋಗಿ ಮೋರಿಯೊಳಗೆ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆದರೂ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಜನ್ಮವೆಲ್ಲ ಇನ್ನೊಬ್ಬರ ಅರ್ಜಿ ನೋಡಿದ್ದ ಮಾವ ಈಗ ತಾವೇ ಅರ್ಜಿ ಬರೆಯತೊಡಗಿದರು. ಒಂದು ಚಪ್ಪಡಿ ಹಾಕಿ, ಅಷ್ಟೇ. ವಾರ್ಡ್ ಆಫೀಸಿನವರು ಪ್ರತಿ ಅರ್ಜಿಗೂ ತಪ್ಪದೆ ಸೀಲು ಹಾಕಿದರು, ಚಪ್ಪಡಿ ಹಾಕಲಿಲ್ಲ.

"ನೀವೇ ಒಂದ್ ಕಲ್ಲು ತಂದ್ ಹಾಕಿಸ್ಬಿಡಿ ಮಾವ" ಎಂದೆ.

"ಬೀಳ್ಸಿದ್ದು ಅವ್ರು. ಅವ್ರೇ ಮುಚ್ಲಿ!"

ಅತ್ತೆಗೆ ಹೊತ್ತು ಹೋಗಲೆಂದು ನಾನು ಫೋನಿನಲ್ಲಿ ಕೊರಿಯಾದ ಧಾರಾವಾಹಿ ಹಾಕಿಕೊಟ್ಟೆ. ಒಂದು ದಿನ ಅದು ಮುಗಿದ ಮೇಲೆ ಫೋನು ತಾನಾಗಿಯೇ ಅಲ್ಲಿನ ವಿರೋಧ ಪಕ್ಷದ ನಾಯಕರೊಬ್ಬರ ಜೀವನಚರಿತ್ರೆ ತೋರಿಸತೊಡಗಿತು. ಬಡ ದರ್ಜಿಯ ಮಗ. ಕಾಲೇಜಿನಲ್ಲಿರುವಾಗಲೇ ಜೈಲು. ಹೊರಗೆ ಬಂದು ಚುನಾವಣೆಗೆ ನಿಂತರೆ ಸೋಲು, ಮತ್ತೆ ನಿಂತರೆ ಇನ್ನೂ ದೊಡ್ಡ ಸೋಲು. ಕೊನೆಗೂ ಗೆದ್ದು ಪಾರ್ಲಿಮೆಂಟಿಗೆ ಹೋದರೆ ಅಲ್ಲಿ ಉಪವಾಸ ಸತ್ಯಾಗ್ರಹ! ಅವರ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ಮಾವನಿಗೂ ಬರುತ್ತಿರಲಿಲ್ಲ, "ನಮ್ ಸಾಹೇಬ್ರು" ಎನ್ನುತ್ತಿದ್ದರು.

"ರೀ, ಆ ಧಾರಾವಾಹಿ ಹುಡುಗನ್ನೇ ಹಾಕ್ರೀ. ಈ ಮುದುಕನ್ನ ನೋಡಿ ನಂಗೇನಾಗ್ಬೇಕು?" ಇದು ಅತ್ತೆ.

"ಎಷ್ಟ್ ಸಲ ಸೋತಿದಾರೆ ಗೊತ್ತೇನೇ? ಆ ಮುಖ ನೋಡು!"

"ದಿನಾ ನಿಮ್ ಮುಖ ನೋಡ್ತಿದೀನಲ್ಲ, ಸಾಲ್ದಾ?"

ಸಾಹೇಬರು ಪ್ರತಿಭಟನೆಗೆಂದು ತಲೆ ಬೋಳಿಸಿಕೊಂಡರು. ಮಾರನೆಯ ದಿನ ಮಾವನ ತಲೆಯೂ ನುಣ್ಣಗಾಯಿತು. ಬೀದಿಯವರಿಗೆ ಕೊರಿಯಾ ಗೊತ್ತೇ? ಅತ್ತೆ ಹೋಗಿಬಿಟ್ಟರೆಂದು ಎದುರು ಮನೆಯವರು ಹಾರ ಹಿಡಿದೇ ಬಂದರು! ಒಳಗಿನಿಂದ ಅತ್ತೆಯ ದನಿ: "ನಾನಿನ್ನೂ ಇದೀನಿ, ಬನ್ನಿ, ಕಾಫಿ ಕುಡ್ಕೊಂಡ್ ಹೋಗಿ. ಹಾರ ಬೇಕಾದ್ರೆ ಇಟ್ಟಿರಿ."

ಆಮೇಲೆ ಸಾಹೇಬರು ಮೂರು ಹೆಜ್ಜೆಗೊಮ್ಮೆ ನೆಲಕ್ಕೆ ಹಣೆ ಹಚ್ಚುತ್ತಾ ರಾಜಧಾನಿಯ ಬೀದಿಯಲ್ಲಿ ಹೋದರು. ಅಲ್ಲಿ ಅದೂ ಪ್ರತಿಭಟನೆಯಂತೆ. ಮಾವ ಅರ್ಜಿಯನ್ನು ಜೇಬಿಗಿಟ್ಟುಕೊಂಡು ವಾರ್ಡ್ ಆಫೀಸಿನ ಕಡೆಗೆ ಹಾಗೆಯೇ ಹೊರಟರು. ಅವರ ಚಪ್ಪಲಿ ಹಿಡಿದುಕೊಂಡು ಹಿಂದೆ ನಾನು. ಬೋಳು ತಲೆ, ಹೆಜ್ಜೆ ನಮಸ್ಕಾರ, ಜನ ಏನೆಂದುಕೊಳ್ಳಬೇಕು? ಹೆಂಗಸರು ಬಿಂದಿಗೆಯಲ್ಲಿ ನೀರು ತಂದು ಕಾಲಿಗೆ ಸುರಿದರು. ಆಟೋದವರು ಗಾಡಿ ನಿಲ್ಲಿಸಿ ಕೈ ಮುಗಿದರು.

"ಇದು ಹರಕೆ ಅಲ್ರಮ್ಮಾ, ಧಿಕ್ಕಾರ!" ಎಂದು ಮಾವ ನೆಲದ ಮೇಲಿಂದಲೇ ಕೂಗಿದರು.

"ಗೋವಿಂದಾ... ಗೋವಿಂದ!" ಎಂದರು ಎಲ್ಲರೂ.

ಆಫೀಸಿನ ಎಂಜಿನಿಯರು ಬೂಟು ಬಿಚ್ಚಿಟ್ಟು ಇಳಿದು ಬಂದರು. "ಸ್ವಾಮಿ, ನನ್ ಟ್ರಾನ್ಸ್‌ಫರ್ ನಿಲ್ಲೋ ಹಾಗೆ ಬೇಡ್ಕೊಳ್ಳಿ" ಎಂದು ಅರ್ಜಿಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಸೀಲು ಹಾಕಿದರು.

ಇದನ್ನೆಲ್ಲ ನಾನು ಅತ್ತೆಯ ಮುಂದೆ ನಟಿಸಿ ತೋರಿಸಿದೆ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಕ್ಕಿದ್ದಕ್ಕೆ ಸೊಂಟ ನೋಯಿತು. "ನಿಮ್ ಮಂಡಿ ತರಚಿದ್ಯೇನ್ರೀ?" ಎಂದು ಕೇಳಿದರು. ಮಾವ ಇಲ್ಲವೆಂದರು. ಪಂಚೆಯ ಮೇಲೆ ರಕ್ತ ಕಾಣುತ್ತಿತ್ತು.

ಹದಿನೈದು ದಿನ ಕಳೆದು ಅತ್ತೆ ತೀರಿಕೊಂಡರು. ಚಪ್ಪಡಿ ಬಂದಿರಲಿಲ್ಲ. ನಾವು ನಾಲ್ವರು ಹೆಗಲು ಕೊಟ್ಟು ಹೊರಟೆವು. ಗೇಟಿನ ಬಳಿ ಒಬ್ಬರಿಗೆ ಕಾಲಿಡಲು ಜಾಗವಿಲ್ಲದೆ ಎಲ್ಲರೂ ನಿಂತುಬಿಟ್ಟೆವು. ಮಾವ ನಮ್ಮನ್ನು ದಾಟಿಕೊಂಡು ಹೋಗಿ ಮೋರಿಯೊಳಕ್ಕೆ ಇಳಿದರು. ಮೊಣಕಾಲಿನ ತನಕ ಕೊಚ್ಚೆ. ಇಷ್ಟು ದಿನ ಅವರನ್ನು ಆಡಿಕೊಂಡು ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಮಾವ ಎರಡೂ ಕೈ ಮೇಲೆತ್ತಿ ಚಟ್ಟಕ್ಕೆ ಆನಿಸಿ ಹಿಡಿದರು.

"ನಿಧಾನ ಕಣ್ರೋ, ನೋಡ್ಕೊಂಡು. ಇನ್ನೊಂದ್ಸಲ ಬೀಳ್ಬಾರ್ದು ಅವ್ಳು."