ಶುಕ್ರವಾರದ ಸೀಸೆಯನ್ನು ಸೂಕ್ತ ಮಾರ್ಗದಲ್ಲಿ ಮಂಡಿಸುವ ಬಗ್ಗೆ

ಅಧೀಕ್ಷಕರ ಕಚೇರಿ, ಮೊದಲ ಮಹಡಿ (ದಾಖಲೆ ಕೋಣೆಯ ಪಕ್ಕ)
ಸಂಖ್ಯೆ: ಆಡಳಿತ/ಸೀಸೆ/ಗೋಡೆ-೨/ತಿದ್ದುಪಡಿ
ದಿನಾಂಕ: ಗುರುವಾರ, ಊಟದ ವಿರಾಮದ ನಂತರ

ಸುತ್ತೋಲೆ

ವಿಷಯ: ಕಚೇರಿ ವೇಳೆ ಮುಗಿದ ಮೇಲೆ ದಾಖಲೆ ಕೋಣೆಯಲ್ಲಿ ಕಡಿಮೆ ಬೆಲೆಯ ಯುರೋಪಿಯನ್ ವೈನ್‌ಗಳ ರುಚಿ ನೋಡುವುದು ಹಾಗೂ ನೋಡಿದ ಮೇಲೆ ನಗುವುದು – ಪರಿಷ್ಕೃತ ಸೂಚನೆಗಳು.

ಉಲ್ಲೇಖ:
೧. ಇದೇ ವಿಷಯದ ಹಿಂದಿನ ಸುತ್ತೋಲೆ (ಪಶ್ಚಾತ್ತಾಪಪೂರ್ವಕವಾಗಿ ಹಿಂಪಡೆಯಲಾಗಿದೆ).
೨. ದಾಖಲೆ ಕೋಣೆಯಿಂದ ಸ್ವೀಕೃತವಾದ ಸೀಸೆ (ಖಾಲಿ).
೩. ಸದರಿ ಕೋಣೆಯ ಮೇಲ್ವಿಚಾರಕಿಯವರ ಮೌಖಿಕ ಸಮಜಾಯಿಷಿ.
೪. ಗೋಡೆಯ ಮೂಲಕ ಕೇಳಿಬಂದ ಇತರೆ ಅಭಿಪ್ರಾಯಗಳು.

ಪ್ರಸ್ತಾವನೆ:

ಕೆಳಗೆ ಸಹಿ ಮಾಡಿರುವ ಅಧೀಕ್ಷಕರು (ಇನ್ನು ಮುಂದೆ ‘ಸದರಿಯವರು’) ತಮ್ಮ ಕೊಠಡಿಯಲ್ಲಿ ಕುಳಿತಿರುವಾಗ, ಪ್ರತಿ ಶುಕ್ರವಾರ ಸಂಜೆ ಪಕ್ಕದ ದಾಖಲೆ ಕೋಣೆಯಿಂದ ಮೊದಲು ಬಿರಟೆ ಕಿತ್ತ ಶಬ್ದವೂ, ಗ್ಲಾಸುಗಳ ಸದ್ದೂ, ಬಳಿಕ ನಗೆಯೂ ಕೇಳಿಬರುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಸಿಬ್ಬಂದಿ ತಲಾ ಇಷ್ಟೆಂದು ಹಾಕಿಕೊಂಡು ಸ್ಪೇನ್, ಪೋರ್ಚುಗಲ್, ದಕ್ಷಿಣ ಇಟಲಿ ಮುಂತಾದ ಕಡೆಗಳ ಅಗ್ಗದ ವೈನ್ ತಂದು, ಸೀಸೆಗೆ ಹಳೆಯ ಕಡತದ ರಟ್ಟು ಸುತ್ತಿ, ಕೆಂಪು ದಾರ ಬಿಗಿದು, ಒಳಗಿರುವುದು ಯಾವ ದೇಶದ್ದೆಂದು ಊಹಿಸುವ ಪದ್ಧತಿ ಇದಾಗಿರುತ್ತದೆ.

ಈ ಪದ್ಧತಿಯನ್ನು ಆರಂಭಿಸಿದವರು ಇಬ್ಬರು. ಒಬ್ಬರು ಎಲ್ಲರೂ ‘ಅಕ್ಕ’ ಎಂದು ಕರೆಯುವ ಮೇಲ್ವಿಚಾರಕಿ. ಇನ್ನೊಬ್ಬರು ಆಗ ಗುಮಾಸ್ತರಾಗಿದ್ದ ಸದರಿಯವರು. ಈ ಅಂಶ ಯಾವ ಕಡತದಲ್ಲೂ ಇಲ್ಲದ ಕಾರಣ ಹೊಸ ಸಿಬ್ಬಂದಿಯ ತಿಳಿವಳಿಕೆಗಾಗಿ ಇಲ್ಲಿ ದಾಖಲಿಸಲಾಗಿದೆ.

ಪದೋನ್ನತಿಯ ನಂತರದ ಮೊದಲ ಶುಕ್ರವಾರ ಸದರಿಯವರು ಎಂದಿನಂತೆ ಒಳಗೆ ಹೋದಾಗ ಹಾಜರಿದ್ದವರೆಲ್ಲ ಎದ್ದು ನಿಂತರು, ಗ್ಲಾಸುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟರು, ಮತ್ತು ‘ಏನಾದ್ರೂ ಬೇಕಿತ್ತಾ ಸಾರ್’ ಎಂದು ಕೇಳಿದರು. ಸದರಿಯವರು ಏನೂ ತೋಚದೆ ಒಂದು ಹಳೆಯ ನಕ್ಷೆ ಕೇಳಿ ಪಡೆದು ಹಿಂದಿರುಗಿದರು. ಆ ನಕ್ಷೆ ಇಂದಿಗೂ ಅವರ ಮೇಜಿನ ಮೇಲಿದ್ದು, ಅದರಿಂದ ಯಾವ ಉಪಯೋಗವೂ ಆಗಿರುವುದಿಲ್ಲ.

ಬಹುಕಾಲ ಯೋಚಿಸಿದ ತರುವಾಯ, ಉಲ್ಲೇಖ (೧)ರಲ್ಲಿ, ‘ಶುಕ್ರವಾರದ ಸೀಸೆಯನ್ನು ಸೂಕ್ತ ಮಾರ್ಗದಲ್ಲಿ ಸದರಿಯವರ ಅವಗಾಹನೆಗೆ ಮಂಡಿಸತಕ್ಕದ್ದು’ ಎಂದು ಆದೇಶಿಸಲಾಯಿತು. ತಮ್ಮ ಪಾಲಿಗೂ ಒಂದಿಷ್ಟು ಬರಲಿ ಎಂಬುದಷ್ಟೇ ಇದರ ಉದ್ದೇಶವಾಗಿತ್ತು. ಆದರೆ ಸೀಸೆ ಕಡತದಂತೆಯೇ ಮೇಜಿನಿಂದ ಮೇಜಿಗೆ ಸಾಗಿ, ಪ್ರತಿ ಹಂತದಲ್ಲೂ ಪರಿಶೀಲನೆಗೆ ಒಳಪಟ್ಟು, ಲೇಬಲ್ ಮೇಲೆ ಎಲ್ಲರ ಚುಟುಕು ಸಹಿ ಪಡೆದು, ಸದರಿಯವರ ಮೇಜು ಸೇರುವಷ್ಟರಲ್ಲಿ ಬರಿದಾಗಿತ್ತು. ಅದರ ಕೊರಳಿಗೆ ‘ಅವಗಾಹನೆಗಾಗಿ’ ಎಂಬ ಚೀಟಿ ಕಟ್ಟಲಾಗಿತ್ತು. ಸದರಿಯವರು ಬಾಗಿಲು ಹಾಕಿಕೊಂಡು ಸೀಸೆಯನ್ನು ಮೂಸಿ ನೋಡಿದ್ದು, ವೈನ್ ಉತ್ತಮವಾಗಿತ್ತೆಂದು ತಿಳಿದುಬಂದಿದೆ.

ಈ ಬಗ್ಗೆ ಸಮಜಾಯಿಷಿ ಕೇಳಲಾಗಿ ಅಕ್ಕನವರು, ‘ಸೀಸೆ ಕಳಿಸಿ ಅಂತ ಬರೆದಿದ್ರಿ ಸಾಹೇಬ್ರೇ, ಸೀಸೆ ಕಳಿಸಿದೀವಿ. ವೈನ್ ಬೇಕು ಅಂತ ಒಂದು ಮಾತು ಬಾಯಿಬಿಟ್ಟು ಕೇಳಿದ್ರೆ ಗಂಟು ಹೋಗ್ತಿತ್ತಾ?’ ಎಂದು ಉತ್ತರಿಸಿರುತ್ತಾರೆ. ಉತ್ತರ ನಿಯಮಾನುಸಾರ ಇರುವುದರಿಂದ ಅಂಗೀಕರಿಸಲಾಗಿದೆ.

ಅಕ್ಕನವರು ಈ ತಿಂಗಳ ಕೊನೆಗೆ ನಿವೃತ್ತಿ ಹೊಂದಲಿದ್ದು, ನಾಳಿನ ಶುಕ್ರವಾರವೇ ಅವರ ಕಡೆಯ ಶುಕ್ರವಾರ. ಅವರ ನಂತರ ಆ ಕೋಣೆಯಲ್ಲಿ ಸದರಿಯವರನ್ನು ಮೊದಲಿನಿಂದ ಬಲ್ಲವರು ಯಾರೂ ಉಳಿಯುವುದಿಲ್ಲ. ಆದ್ದರಿಂದ ವಿಷಯ ತುರ್ತಿನದೆಂದು ಪರಿಗಣಿಸಿ, ಈ ಕೆಳಕಂಡಂತೆ ಸೂಚಿಸಲಾಗಿದೆ.

ಸೂಚನೆಗಳು:

೧. ಸೀಸೆಯನ್ನು ಇನ್ನು ಮುಂದೆ ಯಾವುದೇ ಮಾರ್ಗದಲ್ಲಿ ಮಂಡಿಸತಕ್ಕದ್ದಲ್ಲ. ಅದು ಇದ್ದಲ್ಲೇ ಇರತಕ್ಕದ್ದು. ಬರಬೇಕಾದವರು ಬರುತ್ತಾರೆ.

೨. ದುಬಾರಿ ವೈನ್ ತರುವುದನ್ನು ನಿಷೇಧಿಸಲಾಗಿದೆ. ದುಬಾರಿ ವೈನ್ ಎದುರು ಜನ ಕೈಕಟ್ಟಿ, ಬಾಯಿ ಮುಚ್ಚಿ ನಿಲ್ಲುತ್ತಾರೆ. ಅದಕ್ಕಾಗಿ ಸದರಿಯವರ ಕೊಠಡಿ ಈಗಾಗಲೇ ಇದೆ.

೩. ಸೀಸೆಗಳನ್ನು ಲೇಬಲ್ ಮೇಲಿನ ವರ್ಷದ ಪ್ರಕಾರ ಸೇವಾ ಜ್ಯೇಷ್ಠತೆಯಲ್ಲಿ ತೆರೆಯಬೇಕೆಂಬ ಲೆಕ್ಕಪತ್ರ ಶಾಖೆಯ ಸಲಹೆಯನ್ನು ತಿರಸ್ಕರಿಸಲಾಗಿದೆ. ಹಗುರವಾದದ್ದು ಮೊದಲು, ಗಡುಸಾದದ್ದು ಆಮೇಲೆ. ಪೋರ್ಚುಗಲ್ಲಿನ ‘ಹಸಿರು ವೈನ್’ ಸೀಸೆಯ ಮೇಲೆ ವರ್ಷವೇ ಇಲ್ಲದಿರುವುದರಿಂದ ಅದರ ಜ್ಯೇಷ್ಠತೆ ನಿಗದಿಪಡಿಸಲು ಹೇಗೂ ಸಾಧ್ಯವಿಲ್ಲ. ಅದು ಹಸಿರಾಗಿಲ್ಲ ಎಂದು ಟಪಾಲು ಗುಮಾಸ್ತರು ಸಲ್ಲಿಸಿದ ದೂರನ್ನು, ಇಲ್ಲಿ ಹಸಿರು ಎಂದರೆ ಎಳೆಯದು ಎಂಬ ವಿವರಣೆಯೊಂದಿಗೆ ಮುಕ್ತಾಯಗೊಳಿಸಲಾಗಿದೆ.

೪. ಗ್ಲಾಸನ್ನು ಅಲ್ಲಾಡಿಸುವಾಗ ಪ್ರದಕ್ಷಿಣವಾಗಿಯೇ ಅಲ್ಲಾಡಿಸತಕ್ಕದ್ದು. ಎಡಚರು ಪೂರ್ವಾನುಮತಿ ಪಡೆದು ಅಪ್ರದಕ್ಷಿಣವಾಗಿ ಅಲ್ಲಾಡಿಸಬಹುದು. ಇಬ್ಬರ ನಡುವೆ ನಿಂತವರು ಬಿಳಿ ಬಟ್ಟೆ ಧರಿಸತಕ್ಕದ್ದಲ್ಲ.

೫. ಗುಟುಕನ್ನು ಬಾಯಲ್ಲಿ ಇಟ್ಟುಕೊಂಡು ಅಭಿಪ್ರಾಯ ಹೇಳತಕ್ಕದ್ದಲ್ಲ. ಕಳೆದ ಬಾರಿಯ ಅಭಿಪ್ರಾಯದ ಕಲೆ ಹಾಜರಾತಿ ಪುಸ್ತಕದ ಮೇಲೆ ಇನ್ನೂ ಇದೆ.

೬. ‘ಚೆನ್ನಾಗಿದೆ’ ಎಂಬ ಒಂದೇ ಪದದ ಅಭಿಪ್ರಾಯವನ್ನು ಪುರಸ್ಕರಿಸಲಾಗುವುದಿಲ್ಲ. ಹುಳಿಯೇ, ಒಗರೇ, ನಾಲಿಗೆ ಒಣಗಿತೇ, ಯಾವುದರ ವಾಸನೆ ಎಂಬ ವಿವರ ಅಗತ್ಯ. ಹೋಲಿಕೆಗಳು ಕಚೇರಿಯ ವ್ಯಾಪ್ತಿಯೊಳಗೇ ಇರತಕ್ಕದ್ದು. ‘ಒದ್ದೆ ಛತ್ರಿ’, ‘ಹೊಸ ರಬ್ಬರು’, ‘ಬೇಸಿಗೆ ರಜೆ ಮುಗಿಸಿ ಬಂದ ದಿನ ಕಡತದ ಬೀರು ತೆಗೆದಂತೆ’ ಇವುಗಳನ್ನು ಅನುಮೋದಿಸಲಾಗಿದೆ.

೭. ಉಲ್ಲೇಖ (೪)ರ ಪ್ರಕಾರ, ಸ್ಪೇನಿನ ಒಂದು ಕೆಂಪು ವೈನ್ ಬಗ್ಗೆ ಯಾರೋ, ‘ಇದು ನಮ್ಮ ಸಾಹೇಬ್ರ ಥರ. ಮೊದ್ಲು ಬರೀ ಒಗರು, ಆಮೇಲೆ ಪರವಾಗಿಲ್ಲ’ ಎಂದಿದ್ದು ಗೋಡೆಯ ಮೂಲಕ ಕೇಳಿಬಂದಿದೆ. ಹೇಳಿದವರ ವಿರುದ್ಧ ಯಾವ ಕ್ರಮವೂ ಇಲ್ಲ. ಆದರೆ ‘ಆಮೇಲೆ ಪರವಾಗಿಲ್ಲ’ ಎಂಬ ಭಾಗಕ್ಕೆ ಕೋಣೆಯಲ್ಲಿದ್ದ ಎಲ್ಲರ ಸಹಮತ ಇತ್ತೇ ಎಂಬುದನ್ನು ಮರುಟಪಾಲಿನಲ್ಲಿ ಸ್ಪಷ್ಟಪಡಿಸತಕ್ಕದ್ದು. ಸದರಿಯವರಿಗೆ ಎರಡು ವಾರದಿಂದ ಇದೇ ಯೋಚನೆಯಾಗಿರುತ್ತದೆ.

೮. ಸದರಿಯವರು ನಾಳೆ ಸಂಜೆ ಗೋಡೆಯ ತೇವ ಪರಿಶೀಲಿಸುವ ನಿಮಿತ್ತ ದಾಖಲೆ ಕೋಣೆಗೆ ಭೇಟಿ ನೀಡಲಿದ್ದಾರೆ. ಗೋಡೆಯಲ್ಲಿ ತೇವ ಇಲ್ಲ ಎಂದು ಯಾರೂ ಹೇಳತಕ್ಕದ್ದಲ್ಲ.

೯. ಸದರಿಯವರು ಒಳಬಂದಾಗ:
(ಅ) ಯಾರೂ ಏಳತಕ್ಕದ್ದಲ್ಲ. ಅಭ್ಯಾಸಬಲದಿಂದ ಎದ್ದವರು ಬೇರೇನೋ ತೆಗೆದುಕೊಳ್ಳಲು ಎದ್ದಂತೆ ನಟಿಸತಕ್ಕದ್ದು.
(ಆ) ಗ್ಲಾಸುಗಳನ್ನು ಬೆನ್ನ ಹಿಂದೆ ಒಯ್ಯತಕ್ಕದ್ದಲ್ಲ.
(ಇ) ನಗೆಯನ್ನು ಅರ್ಧಕ್ಕೆ ನಿಲ್ಲಿಸತಕ್ಕದ್ದಲ್ಲ. ಆ ಹೊತ್ತಿಗೆ ಯಾರೂ ನಗುತ್ತಿಲ್ಲದಿದ್ದಲ್ಲಿ, ಚಾಲಕರು ನಗಲು ಆರಂಭಿಸತಕ್ಕದ್ದು. ವಾಹನ ಓಡಿಸಬೇಕಾದ ಕಾರಣ ಅವರು ಮೂಸುವುದನ್ನು ಬಿಟ್ಟು ಬೇರೇನೂ ಮಾಡುವಂತಿಲ್ಲವಾಗಿ, ಈ ಕೆಲಸಕ್ಕೆ ಬಿಡುವಾಗಿರುತ್ತಾರೆ.
(ಈ) ‘ಏನಾದ್ರೂ ಬೇಕಿತ್ತಾ ಸಾರ್’ ಎಂದು ಕೇಳತಕ್ಕದ್ದಲ್ಲ. ಬೇಕಾಗಿದೆ. ಅದನ್ನು ತಿಳಿಸಲೆಂದೇ ಈ ಸುತ್ತೋಲೆ.

೧೦. ಹಿಡಿ ಮುರಿದ ಚಹಾ ಕಪ್ಪೊಂದು ದಾಖಲೆ ಕೋಣೆಯ ಕಿಟಕಿಯಲ್ಲಿದ್ದು, ಪ್ರಸ್ತುತ ಅದರಲ್ಲಿ ಗುಂಡುಸೂಜಿಗಳಿವೆ. ಗ್ಲಾಸುಗಳಿಲ್ಲದ ಕಾಲದಲ್ಲಿ ಸದರಿಯವರು ಮೊದಲ ಹಸಿರು ವೈನನ್ನು ಕುಡಿದದ್ದು ಅದರಲ್ಲೇ. ಗುಂಡುಸೂಜಿಗಳಿಗೆ ಬದಲಿ ವ್ಯವಸ್ಥೆ ಮಾಡಿ, ಕಪ್ಪನ್ನು ಮೂಲ ಹುದ್ದೆಗೆ ಮರುನಿಯೋಜಿಸುವ ಬಗ್ಗೆ ಅಕ್ಕನವರು ಸೂಕ್ತ ತೀರ್ಮಾನ ಕೈಗೊಳ್ಳಬಹುದಾಗಿದೆ.

೧೧. ಸದರಿಯವರನ್ನು ‘ಸಾಹೇಬ್ರೇ’ ಎಂದು ಕರೆಯುವುದನ್ನು ನಾಳೆ ಸಂಜೆಯ ಮಟ್ಟಿಗೆ ಅಮಾನತಿನಲ್ಲಿ ಇಡಲಾಗಿದೆ. ಪದೋನ್ನತಿಗೆ ಮುನ್ನ ಅಕ್ಕನವರು ಬಳಸುತ್ತಿದ್ದ ‘ತಮ್ಮ’ ಎಂಬ ಸಂಬೋಧನೆಯು ಯಾವ ಆದೇಶದಿಂದಲೂ ರದ್ದಾಗಿರುವುದಿಲ್ಲ ಎಂಬ ಅಂಶವನ್ನು ಎಲ್ಲ ಕಡತ ಹುಡುಕಿ ಖಚಿತಪಡಿಸಿಕೊಳ್ಳಲಾಗಿದೆ.

೧೨. ಈ ಸೂಚನೆಗಳನ್ನು ಉಲ್ಲಂಘಿಸಿದಲ್ಲಿ ಯಾರಿಗೂ ಏನೂ ಆಗುವುದಿಲ್ಲ. ಸದರಿಯವರು ಇನ್ನೊಂದು ನಕ್ಷೆ ತೆಗೆದುಕೊಂಡು ಹಿಂದಿರುಗುತ್ತಾರೆ, ಅಷ್ಟೆ.

(ಸಹಿ)
ಅಧೀಕ್ಷಕರು
(ತೇವ ಪರಿಶೀಲನೆಯ ಹೆಚ್ಚುವರಿ ಪ್ರಭಾರ)

ಪ್ರತಿಗಳು:
೧. ಲೆಕ್ಕಪತ್ರ ಶಾಖೆಗೆ, ಸದರಿಯವರ ಪಾಲಿನ ವಂತಿಗೆಯನ್ನು ಲಕೋಟೆಯಲ್ಲಿಟ್ಟು. ಬಾಕಿ ಎಷ್ಟೆಂದು ಲೆಕ್ಕ ಹಾಕತಕ್ಕದ್ದಲ್ಲ.
೨. ಟಪಾಲು ಗುಮಾಸ್ತರಿಗೆ, ಇದನ್ನು ಇಂದೇ ಕೈಯಲ್ಲಿ ಒಯ್ದು ಮುಟ್ಟಿಸಲು. ದಾರಿಯಲ್ಲಿ ಗಟ್ಟಿಯಾಗಿ ಓದತಕ್ಕದ್ದಲ್ಲ.
೩. ಚಾಲಕರಿಗೆ, ನಗೆಯ ಪೂರ್ವಸಿದ್ಧತೆಗಾಗಿ ಹಾಗೂ ಕಾರ್ಯಕ್ರಮದ ಬಳಿಕ ಸದರಿಯವರನ್ನು ಮನೆಗೆ ಬಿಡಲು.
೪. ಹಳೆಯ ನಕ್ಷೆಗೆ ಲಗತ್ತಿಸಿ, ಎರಡನ್ನೂ ದಾಖಲೆ ಕೋಣೆಗೆ ವಾಪಸು ಮಾಡಲು.
೫. ಮೇಲ್ವಿಚಾರಕಿಯವರಿಗೆ, ಅಭಿಪ್ರಾಯ ಕೋರಿ. (ಸೀಸದಕಡ್ಡಿಯ ಷರಾದೊಂದಿಗೆ ಇಂದು ಸಂಜೆಯೇ ಮರಳಿ ಸ್ವೀಕೃತ. ಷರಾ: ‘ಕಂಡಿದೆ. ಎಲ್ಲರೂ ಒಪ್ಪಿದ್ರು, ಪರವಾಗಿಲ್ಲ ಅನ್ನೋ ಭಾಗಕ್ಕೂ. ಕಪ್ ತೊಳೆದಿಟ್ಟಿದೀನಿ. ಬಾಗಿಲಿಗೆ ಚಿಲಕ ಯಾವತ್ತೂ ಹಾಕಿರಲಿಲ್ಲ. ಬಾರೋ ತಮ್ಮ.’)