ಹಾಡು ಕೇಳದ ಅಭಿಮಾನಿ

ನಮ್ಮ ಸೋದರಮಾವನಷ್ಟು ದೊಡ್ಡ ಅಭಿಮಾನಿ ಆ ಗಾಯಕಿಗೆ ಈ ಭೂಮಂಡಲದಲ್ಲಿ ಇನ್ನೊಬ್ಬರಿಲ್ಲ. ಬೇಕಾದರೆ ಪಂದ್ಯ ಕಟ್ಟಿ! ಆಕೆ ಹುಟ್ಟಿದ ಊರು, ಆಕೆಯ ಗುರುಗಳು ಹುಟ್ಟಿದ ಊರು, ಕಚೇರಿಗೆ ಮೊದಲು ಆಕೆ ಕುಡಿಯುವ ಬಿಸಿನೀರಿಗೆ ಎಷ್ಟು ಕಾಳುಮೆಣಸು ಬೀಳುತ್ತದೆ ಎಂಬುದರ ತನಕ ಎಲ್ಲವೂ ಅವರಿಗೆ ಬಾಯಿಪಾಠ. ಪತ್ರಿಕೆಗಳಲ್ಲಿ ಬಂದ ಆಕೆಯ ಫೋಟೋಗಳನ್ನು ಕತ್ತರಿಸಿ ಅಂಟಿಸಿದ ಮೂರು ದಪ್ಪ ಪುಸ್ತಕಗಳು ಬೀರುವಿನಲ್ಲಿವೆ. ಇಷ್ಟೆಲ್ಲ ಇದ್ದೂ ಒಂದೇ ಒಂದು ಸಣ್ಣ ಕೊರತೆ. ಆಕೆಯ ಹಾಡನ್ನು ಅವರು ಕೇಳಿಲ್ಲ. ಒಂದೂ ಕೇಳಿಲ್ಲ!

ನಗಬೇಡಿ. ಪಾಪ, ಕಿವಿ ಮಂದವೇನೋ ಅಂದುಕೊಳ್ಳಲೂ ಬೇಡಿ. ಮೂರು ಮನೆ ಆಚೆ ಬಾಣಲೆಗೆ ಬೋಂಡ ಬಿದ್ದ ಸದ್ದು ಕೇಳಿ ಚಪ್ಪಲಿ ಮೆಟ್ಟುವ ಕಿವಿ ಅದು. ಅವರು ಹಾಡು ಕೇಳದೆ ಇರುವುದು ಹಟಕ್ಕೆ. ಆಕೆಯನ್ನು ಎದುರಿಗೆ ಕೂತೇ ಮೊದಲ ಸಲ ಕೇಳಬೇಕು, ಅಲ್ಲಿಯವರೆಗೆ ರೇಡಿಯೋ, ಕ್ಯಾಸೆಟ್ಟು, ಟಿ.ವಿ., ಮೊಬೈಲು ಯಾವುದರಲ್ಲೂ ಕೇಳಬಾರದು ಎಂಬ ಹಟ.

ಇದು ಶುರುವಾದದ್ದು ಮಾವ ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ಬಂದು ಕೆ.ಜಿ.ಎಫ್.ನ ಕಾರ್ಖಾನೆಗೆ ಸೇರಿದ ಹೊಸತರಲ್ಲಿ. ಪಕ್ಕದ ಮೆಷಿನ್ನಿನಲ್ಲಿ ಧಾರವಾಡದ ಕಡೆಯವರೊಬ್ಬರು ಕೆಲಸ ಮಾಡುತ್ತಿದ್ದರು, ಸಂಗೀತ ಅಂದರೆ ಪ್ರಾಣ ಬಿಡುವವರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಅವರು ಹೇಳಿದರಂತೆ: "ರೆಕಾರ್ಡಿನ್ಯಾಗ ಏನೈತ್ರೀ? ಆಕೀನ್ನ ಎದುರಿಗೆ ಕುಂತು ಕೇಳಬೇಕ ನೋಡ್ರಿ!" ಮಾವನ ಎದೆಗೆ ಅದು ನಾಟಿಬಿಟ್ಟಿತು. ಅದೇ ತಿಂಗಳು ಕೆ.ಜಿ.ಎಫ್.ನಲ್ಲೇ, ಮಾವ ಮನೆ ಮಾಡಿದ್ದ ಊರಿಗಾಂನಲ್ಲಿ ಆಕೆಯ ಕಾರ್ಯಕ್ರಮವೂ ಗೊತ್ತಾಯಿತು. ಸರಿ, ಮೊದಲು ಕೇಳುವುದೇ ಆದರೆ ಎದುರಿಗೆ ಕೂತೇ ಕೇಳೋಣ ಎಂದು ಮಾವ ಆವತ್ತಿನಿಂದ ರೇಡಿಯೋ ಮುಚ್ಚಿದರು. ಕಾರ್ಯಕ್ರಮದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕುರ್ಚಿ ಹಾಕುವವರಿಗಿಂತ ಮೊದಲೇ ಹೋಗಿ ನಿಂತರು. ಗಾಯಕಿಗೆ ಗಂಟಲು ಕಟ್ಟಿ ಕಾರ್ಯಕ್ರಮ ರದ್ದಾಯಿತು.

ಬೇರೆಯವರಾಗಿದ್ದರೆ ಮನೆಗೆ ಬಂದು ರೇಡಿಯೋ ಹಾಕುತ್ತಿದ್ದರು. ಮಾವ ಹಾಕಲಿಲ್ಲ. "ಒಂದು ತಿಂಗ್ಳು ಕಾದಿವ್ನಿ. ಈಗ ಕೆಡಿಸ್ಕೋತಾರಾ?" ಅಂದರು. ತಿಂಗಳು ವರ್ಷವಾಯಿತು, ವರ್ಷ ಹತ್ತಾಯಿತು. ಕಾದಷ್ಟೂ ಮುರಿಯುವುದು ಕಷ್ಟವಾಯಿತು. ಹೆಪ್ಪು ಹಾಕಿದ ಪಾತ್ರೆಯ ಮುಚ್ಚಳ ತೆಗೆಯಬೇಡಿ ಅನ್ನುವ ಹಾಗೆ ಮಾವ ತಮ್ಮ ಕಿವಿಗಳನ್ನು ಕಾಯುತ್ತಾ ಬಂದರು.

ಈಗ ನೀವು ಜಾಣರಾದರೆ ಒಂದು ಪ್ರಶ್ನೆ ಕೇಳಬೇಕು. ಹಾಡನ್ನೇ ಕೇಳದವರಿಗೆ ಅದು ಆಕೆಯದೇ ಹಾಡು ಅಂತ ಗೊತ್ತಾಗುವುದು ಹೇಗೆ? ಅದಕ್ಕೆ ನಮ್ಮ ಅತ್ತೆ ಇದ್ದಾರಲ್ಲ! ಮದುವೆಯಾದ ದಿನದಿಂದ ಅತ್ತೆಗೆ ಈ ಕಾವಲು ಕೆಲಸ. ಬಸ್ಸಿನಲ್ಲಾಗಲಿ, ಛತ್ರದಲ್ಲಾಗಲಿ ಆ ದನಿ ಕೇಳಿದ ಕೂಡಲೇ ಅತ್ತೆ "ರೀ, ಆಯಮ್ಮ!" ಎಂದು ಕೂಗಬೇಕು. ಮಾವ ಜೇಬಿನಿಂದ ಹತ್ತಿ ತೆಗೆದು ಎರಡೂ ಕಿವಿಗೆ ತುರುಕಿಕೊಂಡು ಅಲ್ಲಿಂದ ಓಟ ಕೀಳಬೇಕು. ಅತ್ತೆ ಮಾತ್ರ ಕೂತು ಹಾಯಾಗಿ ಪೂರ್ತಿ ಹಾಡು ಕೇಳುತ್ತಾರೆ. ಹೀಗಾಗಿ ಆ ಗಾಯಕಿಯ ಹಾಡುಗಳೆಲ್ಲ ಅತ್ತೆಗೆ ಬರುತ್ತವೆ, ಅಭಿಮಾನಿ ಎಂಬ ಹೆಸರು ಮಾತ್ರ ಮಾವನದು!

ಅತ್ತೆಯೇನು ಕಡಿಮೆಯೇ? ಮಾವ ನಿವೃತ್ತರಾಗಿ ಮನೆಯಲ್ಲೇ ಕೂತ ಮೇಲೆ ಅಡುಗೆಮನೆಗೆ ಬಂದು "ಸಾರಿಗೆ ಹುಣಸೆ ಜಾಸ್ತಿ ಆಯ್ತು, ಒಗ್ಗರಣೆ ಸೀದೋಯ್ತು" ಎಂದು ಮೇಸ್ತ್ರಿಕೆ ಶುರು ಮಾಡಿದರು. ಒಂದು ವಾರ ಸಹಿಸಿದ ಅತ್ತೆ ಎಂಟನೆಯ ದಿನ ಮೊಬೈಲಿನಲ್ಲಿ ಯಾವುದೋ ಹಾಡು ಹಾಕಿ "ರೀ, ಆಯಮ್ಮ!" ಅಂದರು. ಮಾವ ಹತ್ತಿ ತುರುಕಿಕೊಂಡು ಬೀದಿಗಿಳಿದರು. ಆಮೇಲೆ ದಿನಾ ಹತ್ತು ಗಂಟೆಗೆ ಇದೇ ಕಥೆ. ಒಂದು ದಿನ ನಾನು ಹೋದಾಗ ಅಡುಗೆಮನೆಯಲ್ಲಿ ಹಾಡುತ್ತಿದ್ದದ್ದು ಗಂಡಸಿನ ದನಿ!

"ಅತ್ತೆ, ಇದು ಅವರದಲ್ವಲ್ಲ?"

"ಆ ಮನುಷ್ಯಂಗೆ ಗೊತ್ತಾದ್ರೆ ತಾನೇ? ಸುಮ್ಕಿರೇ, ಬೇಳೆ ಬೇಯ್ಲಿ" ಅಂದರು ಅತ್ತೆ.

ನಾನು ಬಂಗಾರಪೇಟೆಯಲ್ಲಿ ಶಾಲೆಯ ಟೀಚರು. ಮಾವ ನನ್ನನ್ನು ನೋಡಲು ಬಂದಾಗಲೆಲ್ಲ ಪಾನಿಪುರಿ ತಿನ್ನದೆ ವಾಪಸು ಹೋಗುವುದಿಲ್ಲ. ನಮ್ಮೂರ ಪಾನಿಪುರಿಯ ನೀರು ನೋಡಲು ಕುಡಿಯುವ ನೀರಿನ ಹಾಗೆ ತಿಳಿಯಾಗಿರುತ್ತದೆ, ಬಾಯಿಗೆ ಬಿದ್ದ ಮೇಲೆ ಅದರ ಪ್ರತಾಪ ಗೊತ್ತಾಗುವುದು. ಒಂದು ಸಂಜೆ ಮಾವ ತಟ್ಟೆ ಹಿಡಿದು ನಿಂತಿದ್ದಾರೆ, ಬಾಯಲ್ಲಿ ಇಡೀ ಪುರಿ. ಪಕ್ಕದ ಅಂಗಡಿಯಿಂದ ಆಕೆಯ ದೇವರನಾಮ ಶುರುವಾಯಿತು. ಆವತ್ತು ಅತ್ತೆ ಇರಲಿಲ್ಲವಾದ್ದರಿಂದ ಕಾವಲು ನನ್ನದು. "ಮಾವ, ಅವರು!" ಅಂದೆ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಚಮಚ, ಹತ್ತಿ ತೆಗೆಯುವುದು ಯಾವ ಕೈಯಲ್ಲಿ? ತಟ್ಟೆಸಮೇತ ಓಡಿದರು! "ಸಾರ್, ಪ್ಲೇಟು! ಪ್ಲೇಟು ಸಾರ್!" ಎಂದು ಗಾಡಿಯವನು ಹಿಂದೆ, ಅವನ ಹಿಂದೆ ನಾನು. ಎದುರಿಗೆ ನನ್ನದೇ ಕ್ಲಾಸಿನ ಮಕ್ಕಳು. ನನ್ನ ಮರ್ಯಾದೆ ಎಲ್ಲಿ ಉಳಿಯಿತು, ಹೇಳಿ!

ಇದಕ್ಕಿಂತ ದೊಡ್ಡ ಪ್ರಸಂಗ ಅವರ ಬೀದಿಯ ದೇವಸ್ಥಾನದ್ದು. ಅಲ್ಲಿ ಬೆಳಿಗ್ಗೆ ಮೈಕಿನಲ್ಲಿ ಬರುವುದೆಲ್ಲ ಆಕೆಯ ಹಾಡೇ. ಮಾವ ಹೋಗಿ ಅರ್ಚಕರ ಹತ್ತಿರ ಬೇರೆಯವರ ಹಾಡು ಹಾಕಿ ಎಂದು ಕೇಳಿಕೊಂಡರು.

"ಯಾಕ್ರೀ, ಆಕೆ ಹಾಡಿಗೆ ಏನಾಗಿದೆ?"

"ಏನೂ ಆಗಿಲ್ಲ ಐನೋರೇ. ಅಂತಾ ಗಂಟ್ಲು ಇನ್ನೊಂದಿಲ್ಲ. ಅದ್ಕೇ ಬ್ಯಾಡ ಅಂತಿರೋದು."

ಇಂಥ ಮಾತು ಯಾರಿಗೆ ಅರ್ಥವಾದೀತು? ಪುಣ್ಯಾತ್ಮರು ಹಾಡು ಬದಲಾಯಿಸಿದರು. ಆದರೆ ಆ ಗಾಯಕಿ ಕಂಡರೆ ಆಗದವರು ಎಂದು ಇಡೀ ಊರಿಗಾಂನಲ್ಲಿ ಮಾವನಿಗೆ ಹೆಸರಾಯಿತು. ಪಕ್ಕದ ಬೀದಿಯ ತಮಿಳು ಅಜ್ಜಿ ಒಬ್ಬರು, ಆಕೆಯ ಹಾಡು ಕೇಳದೆ ಕಾಫಿ ಕುಡಿಯದವರು, ಮನೆ ಬಾಗಿಲಿಗೇ ಬಂದು ಜಗಳ ಆಡಿದರು. ಮಾವ ಆ ಮೂರು ಪುಸ್ತಕ ತೆಗೆದು ತೋರಿಸಿದ ಮೇಲೆ "ಅಯ್ಯೋ ಸಾಮಿ, ಎನ್ನ ಪೈತ್ಯಮ್ಮಾ ಇದು, ಎಂತಾ ಹುಚ್ಚು!" ಎಂದು ಹಣೆ ಚಚ್ಚಿಕೊಂಡು ಹೋದರು.

ಹಾಗಂತ ಎದುರಿಗೆ ಕೇಳುವ ಅವಕಾಶ ಬರಲಿಲ್ಲವೆಂದಲ್ಲ. ಒಮ್ಮೆ ರಜೆ ಸಿಗಲಿಲ್ಲ. ಒಮ್ಮೆ ರಜೆ ಸಿಕ್ಕಿ ರೈಲು ನಿಂತುಹೋಯಿತು, ಇವರು ಸೇರುವ ಹೊತ್ತಿಗೆ ಮಂಗಳ ಹಾಡಿ ಮುಗಿಸಿದ್ದರು. ಇನ್ನೊಮ್ಮೆ ಕಾರ್ಯಕ್ರಮದ ದಿನವೇ ನನ್ನ ಮದುವೆ. "ಮುಹೂರ್ತ ಒಂದಿನ ಆಚೀಚೆ ಮಾಡಾಕಾಗಲ್ವಾ?" ಎಂದು ನನ್ನ ಗಂಡನ ತಂದೆಯನ್ನೇ ಕೇಳಿದ್ದರಂತೆ! ಆದರೂ ಧಾರೆಗೆ ನಿಂತರು, ಬಡಿಸಲೂ ನಿಂತರು. ಆಮೇಲೆ ಗಾಯಕಿಗೇ ವಯಸ್ಸಾಗಿ, ಹಾಡುವುದನ್ನು ನಿಲ್ಲಿಸಿದ್ದಾರೆ ಎಂದು ಸುದ್ದಿ ಬಂತು. ಆವತ್ತು ಮಾವ ಊಟ ಮಾಡಲಿಲ್ಲ. ಆದರೆ ಕಿವಿಯ ವ್ರತವನ್ನೂ ಬಿಡಲಿಲ್ಲ.

ಕಳೆದ ತಿಂಗಳು ಫೋನ್ ಬಂತು. "ಅಮ್ಮಣ್ಣೀ! ಬೆಂಗ್ಳೂರಾಗೆ ಆಯಮ್ಮ ಹಾಡ್ತಾರಂತೆ! ಇದೇ ಕಡೇದಂತೆ! ನೀನೂ ಬಾ, ಓಗಾನ!" ಮಾವನ ದನಿ ಕುಣಿಯುತ್ತಿತ್ತು. ಅತ್ತೆಗೆ ಮಂಡಿ ನೋವು, ಹೊರಡುವ ಹಾಗಿರಲಿಲ್ಲ. ನಾನು ಹೂಂ ಅಂದೆ. ಆಮೇಲೆ ಕುತೂಹಲಕ್ಕೆ ಮೊಬೈಲಿನಲ್ಲಿ ಹುಡುಕಿದರೆ, ಆಕೆ ಇತ್ತೀಚೆಗೆ ಯಾರದೋ ಮನೆಯಲ್ಲಿ ಹಾಡಿದ ವಿಡಿಯೋ ಸಿಕ್ಕಿತು. ದನಿ ನಡುಗುತ್ತಿತ್ತು. ಮೇಲಿನ ಸ್ವರಕ್ಕೆ ಹೋಗಲಾಗದೆ ಅರ್ಧಕ್ಕೇ ನಿಲ್ಲುತ್ತಿತ್ತು. ನಾನು ಚಿಕ್ಕಂದಿನಿಂದ ಕೇಳಿದ ಆ ದನಿ ಎಲ್ಲೂ ಇರಲಿಲ್ಲ.

ಈ ಮನುಷ್ಯ ಅರ್ಧ ಆಯುಸ್ಸು ಕಿವಿಗೆ ಹತ್ತಿ ಇಟ್ಟುಕೊಂಡು ಕಾದದ್ದು ಇದಕ್ಕಾ? ಹೇಳಲಾ, ಬಿಡಲಾ? ಅತ್ತೆಗೆ ಫೋನ್ ಮಾಡಿದೆ. "ಏಳ್ಬ್ಯಾಡ ಕಣೇ" ಅಂದರು ಅತ್ತೆ.

ಆದರೂ ರೈಲಿನಲ್ಲಿ ನನಗೆ ತಡೆಯಲಾಗಲಿಲ್ಲ. ಮಾವ ಊರಿಗಾಂನಲ್ಲೇ ಹತ್ತಿ ಕಿಟಕಿ ಪಕ್ಕ ಕೂತಿದ್ದರು, ನಾನು ಬಂಗಾರಪೇಟೆಯಲ್ಲಿ ಹತ್ತಿದೆ. ಇಯರ್‌ಫೋನ್ ಮುಂದೆ ಚಾಚಿದೆ.

"ಮಾವ, ಒಂದೇ ಒಂದು ಹಳೇ ಹಾಡು ಕೇಳಿಬಿಡಿ. ನನಗೋಸ್ಕರ."

"ಇನ್ನ ಮೂರು ಗಂಟೆ ಐತೆ. ಈಗ ಕೆಡಿಸ್ತೀಯಾ?"

"ಅವರಿಗೆ ವಯಸ್ಸಾಗಿದೆ ಮಾವ."

"ನಂಗೇನ್ ಪ್ರಾಯ ಬಂದೈತಾ?" ಎಂದು ನಕ್ಕು ಕಡಲೆಕಾಯಿ ಸುಲಿದು ನನ್ನ ಕೈಗೆ ಹಾಕಿದರು.

ಸಭಾಂಗಣ ತುಂಬಿತ್ತು. ಮಾವ ಮೂರನೇ ಸಾಲಿನಲ್ಲಿ ಕೂತು, ಜೇಬಿನ ಹತ್ತಿಯನ್ನೆಲ್ಲ ನನ್ನ ಬ್ಯಾಗಿಗೆ ಹಾಕಿದರು. ಆಕೆಯನ್ನು ಇಬ್ಬರು ಕೈಹಿಡಿದು ತಂದು ಕೂರಿಸಿದರು. ಶ್ರುತಿ ಹಿಡಿದು ಹಾಡತೊಡಗಿದರು. ನಾನು ತಲೆ ತಗ್ಗಿಸಿಬಿಟ್ಟೆ. ವಿಡಿಯೋದಲ್ಲಿ ಕೇಳಿದ್ದಕ್ಕಿಂತ ಕಷ್ಟವಾಗಿತ್ತು. ಎಲ್ಲರಿಗೂ ಗೊತ್ತಿರುವ ದೇವರನಾಮದಲ್ಲಿ, ಎಲ್ಲರೂ ಕಾಯುವ ಆ ಎತ್ತರದ ಜಾಗಕ್ಕೆ ಬಂದಾಗ ದನಿ ಏಳಲಿಲ್ಲ. ಆಕೆ ಅದನ್ನು ಬಿಟ್ಟು, ಮಾತಾಡಿದ ಹಾಗೆ ಮೆಲ್ಲಗೆ ಹೇಳಿ ಮುಂದಕ್ಕೆ ಹೋದರು. ನನ್ನ ಪಕ್ಕದ ಹೆಂಗಸು "ಅಯ್ಯೋ, ಆ ಕಾಲದಲ್ಲಿ ಕೇಳಬೇಕಿತ್ತು ನೀವು" ಎಂದು ಪಿಸುಗುಟ್ಟಿದರು. ಹಿಂದಿನ ಸಾಲಿನಲ್ಲಿ ಕೆಲವರು ಎದ್ದು ಹೊರಟರು.

ಹೆದರಿಕೊಂಡೇ ಮಾವನ ಕಡೆ ತಿರುಗಿದೆ. ಅವರು ಮುಂದಕ್ಕೆ ಬಾಗಿ, ಎರಡೂ ಕೈ ತೊಡೆಯ ಮೇಲಿಟ್ಟು, ಬಾಯಿ ಅರ್ಧ ತೆರೆದು ಕೂತಿದ್ದರು. ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳುವ ಗೊಡವೆಗೇ ಹೋಗಿರಲಿಲ್ಲ.

ಮುಗಿದ ಮೇಲೆ ನನ್ನ ಕೈ ಎಳೆದುಕೊಂಡು ವೇದಿಕೆಯ ಹಿಂದಿನ ಕೋಣೆಗೆ ನುಗ್ಗಿದರು. ಅಲ್ಲಿ ಹೆಚ್ಚು ಜನ ಇರಲಿಲ್ಲ. ಆಕೆ ಕುರ್ಚಿಯಲ್ಲಿ ಕುಗ್ಗಿ ಕೂತು, ನಮ್ಮನ್ನು ಕಂಡ ಕೂಡಲೇ ಕೈಮುಗಿದರು.

"ಕ್ಷಮಿಸಬೇಕಪ್ಪ. ದನಿ ಮೊದಲಿನ ಹಾಗೆ ಇಲ್ಲ. ನೀವೆಲ್ಲ ಆಗಿಂದ ಕೇಳಿದವರು, ಬೇಜಾರಾಗಿರುತ್ತೆ."

"ಮೊದ್ಲಿಂದು ನಂಗೊತ್ತಿಲ್ಲ ತಾಯಿ" ಅಂದರು ಮಾವ. "ನಿಮ್ಮನ್ನ ನಾನು ಇವತ್ತೇ ಮೊದ್ಲು ಕೇಳಿದ್ದು. ಇದಕ್ಕಿಂತ ಚೆನ್ನಾಗಿ ಯಾರಾನಾ ಹಾಡಾಕಾಯ್ತದಾ?"

ಆಕೆ ನನ್ನ ಮುಖ ನೋಡಿದರು, ಇದೇನು ತಮಾಷೆಯೇ ಎಂಬಂತೆ. ನಿಜ ಎಂದು ನಾನು ತಲೆಯಾಡಿಸಿದೆ. ಎಲ್ಲವನ್ನೂ ಹೇಳಿದೆ: ಹತ್ತಿ, ಕಾವಲು, ದೇವಸ್ಥಾನದ ಮೈಕು. ಆಕೆ ಮೊದಲು ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊತ್ತಿಕೊಂಡರು.

"ಇನ್ನೊಂದು ಹಾಡಲಾ?" ಎಂದು ಆಕೆಯೇ ಕೇಳಿದರು, ಹೊಸದಾಗಿ ಪಾಠಕ್ಕೆ ಸೇರಿದ ಹುಡುಗಿಯ ಹಾಗೆ.

ಮಾವ ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ನಾನೂ ಪಕ್ಕದಲ್ಲಿ ಕೂತೆ. ಶ್ರುತಿಯಿಲ್ಲ, ತಾಳವಿಲ್ಲ, ಮೈಕಿಲ್ಲ. ಆಕೆ ಅದೇ ದೇವರನಾಮ ಎತ್ತಿಕೊಂಡರು. ಆ ಎತ್ತರದ ಜಾಗ ಬಂದಾಗ ಮತ್ತೆ ದನಿಯನ್ನು ಇಳಿಸಿ, ದೇವರ ಹತ್ತಿರ ಕೂತು ಗುಟ್ಟಾಗಿ ಏನೋ ಕೇಳಿಕೊಂಡ ಹಾಗೆ ಹೇಳಿದರು. ಮಾವ "ಆಹಾ" ಅಂದರು. ನೂರಾರು ಸಲ ಕೇಳಿ ಬಾಯಿಪಾಠವಾಗಿದ್ದ ಹಾಡು ನನಗದು. ಆದರೂ ಆಕೆಯನ್ನು ನಾನು ಮೊದಲ ಸಲ ಕೇಳಿದ್ದು ಆವತ್ತೇ.