ಸಮುದ್ರದಲ್ಲಿ ತಂಪಿಗಿಟ್ಟ ಮೊಸರನ್ನ

ವಿಜಯನಗರದ ನಮ್ಮ ಬೀದಿಯಲ್ಲಿ ಬೇಸಿಗೆಯ ನೀರನ್ನು ತಂಪು ಮಾಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಒದ್ದೆ ಮರಳು, ಅದರಲ್ಲಿ ಅರ್ಧ ಹೂತ ಮಡಕೆ. "ನಿಮ್ಮನೆ ನೀರು ಕುಡಿದ್ರೆ ಹಲ್ಲು ಜುಮ್ ಅನ್ನುತ್ತೆ ಸಾರ್" ಎಂದು ಎದುರುಮನೆ ಪುಟ್ಟಮ್ಮನವರೇ ಸರ್ಟಿಫಿಕೇಟ್ ಕೊಟ್ಟಿದ್ದರು. ನನ್ನನ್ನು ಹಾಳು ಮಾಡಿದ್ದೇ ಆ ಸರ್ಟಿಫಿಕೇಟ್!

ನನ್ನ ಹೆಂಡತಿ ಗಿರಿಜೆ ಸಮುದ್ರ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಆದರೆ ಅವಳಿಗೆ ಹೇಳಿರಲಿಲ್ಲ. ಗೋಕರ್ಣಕ್ಕೆ ಹೋದಾಗ, ಗುಡ್ಡದಾಚೆ ಯಾರೂ ಬರದ ಪುಟ್ಟ ಮರಳ ದಂಡೆಯಿದೆ ಎಂದು ತಿಳಿದು, ಛತ್ರದಲ್ಲಿ ಮೊಸರನ್ನ ಕಟ್ಟಿಸಿಕೊಂಡು ಹೊರಟೆವು. ಕ್ಯಾರಿಯರ್ ಮಾತ್ರ ದಾವಣಗೆರೆಯ ನಮ್ಮ ಅತ್ತೆ ಮದುವೆಗೆ ಕೊಟ್ಟದ್ದು. ಆಗಿನ ಕಾಲಕ್ಕೆ ಅಪರೂಪದ ಸ್ಟೀಲು, ಮೇಲೆ ಮಗಳ ಹೆಸರು. ಅತ್ತೆ ಬಂದರೆ ಮೊದಲು ಕ್ಯಾರಿಯರಿನ ಯೋಗಕ್ಷೇಮ, ಆಮೇಲೆ ಮಗಳದು!

"ಬಿಸಿಲಿಗೆ ಮೊಸರು ಹುಳಿಯಾಗುತ್ತೆ ರೀ."

"ನಾನಿದೀನಲ್ಲ!"

ನೀರಿನಂಚಿನಲ್ಲಿ ಬೇಕಾದಷ್ಟು ಒದ್ದೆ ಮರಳಿತ್ತು. ಗುಂಡಿ ತೋಡಿ ಕ್ಯಾರಿಯರನ್ನು ಪೂರ್ತಿ ಹೂತು, ಗುರುತಿಗೆ ನನ್ನ ಚಪ್ಪಲಿ ಇಟ್ಟೆ.

"ಊಟದ ಮೇಲೆ ಚಪ್ಪಲಿನಾ!" ಎಂದಳು. ಒಂದು ಮೊಳ ಸರಿಸಿದೆ.

"ನೀರು ಇಷ್ಟು ಹತ್ತಿರ ಇದೆಯಲ್ರೀ?"

"ನೀರು ಇದ್ದಲ್ಲೇ ಇರುತ್ತೆ ಕಣೇ."

ಕೆಂಗೇರಿ ಕೆರೆ ನೋಡಿ ಬೆಳೆದವನ ಮಾತು ಅದು.

ಅಷ್ಟರಲ್ಲಿ ಏಡಿಯೊಂದು ಅಡ್ಡಡ್ಡ ಓಡಿತು. ಎಲ್ಲಿಗೆ? ಬಿಲದ ಬಾಯಲ್ಲಿ ಸಾಸಿವೆಯಂಥ ಮರಳುಂಡೆಗಳು. ಯಾಕೆ? ಉಂಡೆ ಕಟ್ಟುವುದು ಯಾವ ಕಾಲಲ್ಲಿ? ಬಗ್ಗಿ ನೋಡುತ್ತಾ ಬಿಲದಿಂದ ಬಿಲಕ್ಕೆ ಹೋಗಿ ದಂಡೆಯ ಆ ತುದಿ ಮುಟ್ಟಿದೆವು. ಗಿರಿಜೆ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಬಹಳ ಸಂತೋಷವಾಯಿತು.

ಹಸಿವಾಗಿ ಹಿಂತಿರುಗಿದರೆ ಅರ್ಧ ದಂಡೆಯೇ ಇರಲಿಲ್ಲ! ನನ್ನ ಚಪ್ಪಲಿ ಅಲೆಯ ಮೇಲೆ ಸಾವಕಾಶವಾಗಿ ಪ್ರವಾಸ ಮಾಡುತ್ತಿತ್ತು. ಸೊಂಟಮಟ್ಟದ ನೀರಿಗಿಳಿದು ಕೈ ಸಿಕ್ಕಲ್ಲೆಲ್ಲ ಅಗೆದೆ. ಸಮುದ್ರವನ್ನೇ ಅಗೆದ ಮೊದಲ ಗುಮಾಸ್ತ ನಾನೇ ಇರಬೇಕು! ಕೊನೆಗೆ ಒಂದು ಅಲೆ ನನ್ನನ್ನೂ ಚಪ್ಪಲಿಯನ್ನೂ ಒಟ್ಟಿಗೆ ತಂದು ಗಿರಿಜೆಯ ಕಾಲ ಬಳಿ ಹಾಕಿತು. ಅವಳು ನಮ್ಮಿಬ್ಬರನ್ನೂ ನೋಡಿದಳು.

"ಅಮ್ಮನಿಗೆ ಏನ್ ಹೇಳ್ಲಿ?" ಅವಳ ಕಣ್ಣು ತುಂಬಿತ್ತು. ಬಸ್ಸಿನ ಹೊತ್ತಾಗಿತ್ತು. ಕ್ಯಾರಿಯರನ್ನು ಸಮುದ್ರಕ್ಕೇ ಬಿಟ್ಟು ಹೊರಟೆವು.

ಮುಂದಿನ ತಿಂಗಳೇ ಅತ್ತೆ ಬಂದಿಳಿದರು.

"ಕ್ಯಾರಿಯರ್ ಎಲ್ಲೈತೆ ಗಿರಿಜಾ?"

ನಾನು ಪೇಪರಿನ ಹಿಂದೆ ಅಡಗಿದೆ.

"ನಿಮ್ಮ ಅಳಿಯಂದ್ರು ಮೊಸರನ್ನ ತಂಪಾಗ್ಲಿ ಅಂತ ಸಮುದ್ರದಲ್ಲಿ ಇಟ್ಟಿದಾರಮ್ಮ."

ಅತ್ತೆ ನೇರ ಅಡುಗೆಮನೆಗೆ ಹೋಗಿ, ಮರಳಿನಿಂದ ನನ್ನ ಮಡಕೆಯನ್ನು ಎತ್ತಿ ಅಟ್ಟದ ಮೇಲಿಟ್ಟರು. "ಇದಾದ್ರೂ ಉಳೀಲಿ" ಎಂದರು.

ಆ ಬೇಸಿಗೆ ಮುಗಿಯುವವರೆಗೂ ತಣ್ಣೀರಿಗೆ ನಾನು ಚೊಂಬು ಹಿಡಿದು ಪುಟ್ಟಮ್ಮನವರ ಮನೆಗೆ ಹೋಗುತ್ತಿದ್ದೆ.